ಸ್ಪೇರ್

ಬೆಳಗಿನ ನಾಲ್ಕರಿಂದ ಮಧ್ಯಾಹ್ನ ಹನ್ನೆರಡರ ತನಕ
ನಾನು ಕಂಪನಿಯ ಸ್ವತ್ತು.
ದುರ್ಗಿಗುಡಿಯ ಲಾಡ್ಜು, ರೂಮು ಇನ್ನೂರಾ ಏಳು.
ಯೂನಿಫಾರಂ ಮೊಳೆಗೆ, ಫೋನು ಸ್ಟೀಲ್ ಲೋಟದೊಳಕ್ಕೆ.
ಹಾಗಿಟ್ಟರೆ ಸದ್ದು ದೊಡ್ಡದಾಗುತ್ತೆ, ಅಪ್ಪ ಹೇಳಿಕೊಟ್ಟಿದ್ದು.
ಕರೆದರೆ ಒಂದೂವರೆ ಗಂಟೆಯಲ್ಲಿ ಸೋಗಾನೆಯಲ್ಲಿರಬೇಕು,
ಆದ್ದರಿಂದ ಸಕ್ರೆಬೈಲಿಗೆ ಹೋಗುವಂತಿಲ್ಲ,
ತುಂಗೆಯಲ್ಲಿ ಮುಳುಗುವಂತಿಲ್ಲ,
ತಲೆಗೆ ಎಣ್ಣೆ ಹಚ್ಚಿಕೊಳ್ಳಲೂ ಎರಡು ಸಲ ಯೋಚನೆ.
ಕರೆಯದಿದ್ದರೂ ದಿನ ಮುಗಿಯುತ್ತದೆ.
ಕಾಸು ಮಾತ್ರ ಹಾರಿದ ಗಂಟೆಗೆ.

ಇದಕ್ಕೆ ರೋಸ್ಟರಿನಲ್ಲಿ ಉದ್ದದ ಹೆಸರಿದೆ.
ನಮ್ಮ ಮನೆಯಲ್ಲಿ ಬರೀ ಸ್ಪೇರ್.
ಅಪ್ಪ ಡಿಪೋದಲ್ಲಿ ಹನ್ನೊಂದು ವರ್ಷ ಸ್ಪೇರ್ ಡ್ರೈವರು.
ಟೈಂ ಕೀಪರ್ ಬಂಗಾರಾಚಾರಿಯ ಮೇಜಿನೆದುರು ಬೆಂಚು,
ಬೆಂಚಿನ ಮೇಲೆ ಆರು ಜನ, ಆರು ಊಟದ ಡಬ್ಬಿ.
ಯಾರಿಗಾದರೂ ಜ್ವರ ಬರಲಿ ಅಂತ
ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.
ಬಂದರೆ, "ಏ ಹಾಲೇಶಾ, ಹೊಸನಗರ ಹೊಡೀತೀಯೇನೋ?"
ಹೊಡೀತಿದ್ದ.
ಯಾವ ಗಾಡಿ ಅಂತ ಕೇಳುವ ಹಕ್ಕು ಸ್ಪೇರಿಗಿಲ್ಲ.
ರಾತ್ರಿ ಬಂದು ಹುಲಿಕಲ್ ಘಾಟಿಯ ತಿರುವುಗಳನ್ನು
ಲೋಟ ತಟ್ಟೆ ಜೋಡಿಸಿ ತೋರಿಸುತ್ತಿದ್ದ,
ಸೌಟು ಅವನ ಬಸ್ಸು.

ಕ್ಯಾಪ್ಟನ್ ರೆಬೆಲ್ಲೊಗೆ ಐವತ್ತೊಂಬತ್ತು,
ನಮ್ಮ ವಿಮಾನಕ್ಕೆ ಇಪ್ಪತ್ತೊಂದು.
"ಇದು ಏನಾದರೂ ಆಗುವ ಮೊದಲು ಕೆಮ್ಮುತ್ತೆ ಮಾರಾಯ್ತಿ.
ಹೊಸದು ಒಂದು ಸಾಲು ಹಳದಿ ಅಕ್ಷರ ಬರೆದು ಸುಮ್ಮನಾಗುತ್ತೆ."
ಎಡಗಡೆಯ ಪಂಖ ಗುಲಗಂಜಿಯಷ್ಟು ತಾಳ ತಪ್ಪಿದರೂ
ಅವರ ಮೊಣಕಾಲಿಗೆ ಗೊತ್ತು.
ತಲೆಯಾಡಿಸುತ್ತೇನೆ. ಒಪ್ಪುವುದಿಲ್ಲ.
ನನಗೆ ಹೊಸದೇ ಬೇಕು:
ಆಷಾಢದ ಮೋಡವನ್ನೆಲ್ಲ ಬಣ್ಣ ಬಿಡಿಸಿ ಮುಂದಿಡುವ ಪರದೆ,
ಯಾರ ಸೊಂಟಕ್ಕೂ ಇನ್ನೂ ಒಗ್ಗದ ಸೀಟು.
ಹಳೆಯದರಲ್ಲಿ ಎಸಿ ಹಾಕಿದ ಮೊದಲ ಐದು ನಿಮಿಷ
ಒದ್ದೆ ಗೋಣಿಯ ವಾಸನೆ,
ಬಲಗಿಟಕಿಯ ಅಂಚಿನಿಂದ ಮಳೆಹನಿ
ನನ್ನ ತೊಡೆಗೇ, ಪ್ರತಿ ಸಲವೂ ಅದೇ ಜಾಗಕ್ಕೆ.
ಇದನ್ನು ಪ್ರೀತಿ ಅನ್ನುವುದು ಅವರಿಗೆ ಸಲೀಸು,
ಸೀನಿಯಾರಿಟಿ ಪಟ್ಟಿಯಲ್ಲಿ ಒಂಬತ್ತನೆಯವರು.
ನಾನು ಮುನ್ನೂರ ಹನ್ನೆರಡು.
ಹೊಸ ವಿಮಾನ ದೀಪಾವಳಿಗೆ ಅಂದರು,
ಆಮೇಲೆ ಯುಗಾದಿಗೆ.
ಯಾವ ಯುಗಾದಿ ಅಂತ ಯಾರೂ ಕೇಳಲಿಲ್ಲ.

ಗುರುವಾರ ಐದೂಮುಕ್ಕಾಲಿಗೆ ಲೋಟ ಗಡಗಡ ಅಂತು.
ಎಲ್ಲಿ ಕೂತಿದ್ದಾನೋ ರೋಸ್ಟರಿನ ಹುಡುಗ, ನಿದ್ದೆಗಣ್ಣಿನ ದನಿ:
"ಪ್ಯಾಸೆಂಜರ್ ಇಲ್ಲ ಮೇಡಂ. ಹೈದರಾಬಾದಿಗೆ ಖಾಲಿ.
ವಾಪಸ್ ಬರಲ್ಲ."
"ನಾನಾ?"
"ವಿಮಾನ."

ಸೋಗಾನೆಯಲ್ಲಿ ಮಂಜು. ರನ್‌ವೇಗೆ ಆಚೆ ತುದಿಯೇ ಇಲ್ಲ.
ಕಾಯುತ್ತಾ ಅಪ್ಪನಿಗೆ ಫೋನು ಮಾಡಿದೆ.
"ಖಾಲಿ ಗಾಡಿ ಏರಲ್ಲಿ ಹಗುರ,
ಇಳಿಯೋವಾಗ ಹುಷಾರು, ಕೂರಲ್ಲ ಅದು" ಅಂದ.
ಬಸ್ಸಿನ ಮಾತು. ವಿಮಾನಕ್ಕೂ ಸುಳ್ಳಲ್ಲ.

ತಿಪ್ಪೇಶಿ ದೋಷಗಳ ಪುಸ್ತಕ ತಂದು ರುಜು ಕೇಳಿದ.
ಹನ್ನೆರಡನೇ ಸಾಲಿನ ಓದುದೀಪ ಮಿನುಗುತ್ತದೆ, ಮುಂದೂಡಿದೆ.
ಹಿಂದಿನ ಬಾಗಿಲ ಹಿಡಿ ಬಿಗಿ, ಮುಂದೂಡಿದೆ.
ಬಲಗಿಟಕಿಯ ಸೋರಿಕೆ
ಎಲ್ಲೂ ಇರಲಿಲ್ಲ. ಎರಡು ವರ್ಷ ಕೂತವಳು ನಾನೇ,
ಬರೆದಿರಲಿಲ್ಲ.
ಪೆನ್ನು ಎತ್ತಿಕೊಂಡೆ. ರುಜು ಹಾಕಿ ಕೊಟ್ಟೆ.

ಕ್ಯಾಪ್ಟನ್ ಏನಾದರೂ ಹೇಳಿಯಾರು ಅಂದುಕೊಂಡಿದ್ದೆ.
"ಇಳಿಸೋದು ನೀನು," ಅಂದರು, ಅಷ್ಟೇ.
ಇಳಿಸಿದೆ. ಕೂರಲಿಲ್ಲ ಅದು.
ತೇಲಿತು, ತೇಲಿತು, ಎರಡು ಸಲ ಪುಟಿಯಿತು.
ಅಂಗಳದಲ್ಲಿ ಒಬ್ಬಾತ ಬಂದು
ಬೆಂಕಿ ಆರಿಸುವ ಸಿಲಿಂಡರುಗಳನ್ನು ಎಣಿಸಿಕೊಂಡ.

ವಾಪಸ್ಸು ಬಂದದ್ದು ಪ್ರಯಾಣಿಕರಾಗಿ,
ಬೇರೆ ಕಂಪನಿಯ ಹೊಚ್ಚ ಹೊಸ ವಿಮಾನದಲ್ಲಿ.
ಹದಿನಾಲ್ಕನೇ ಸಾಲು. ಸೀಟು ನಿಜಕ್ಕೂ ಚೆನ್ನಾಗಿತ್ತು.
ಭದ್ರಾ ದಾಟುವಾಗ ಮಳೆ ಹಿಡಿಯಿತು.
ರೆಬೆಲ್ಲೊ ಕಣ್ಣು ಮುಚ್ಚಿಕೊಂಡೇ
ಕಿಟಕಿಯ ಅಂಚಿನುದ್ದಕ್ಕೂ ಬೆರಳಾಡಿಸಿದರು,
ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು.