ಮತ್ತಿತರರು

ಆಫೀಸಿನಿಂದ ಫೋನು: 'ಮೇಡಂ ಕಡತಕ್ಕೆ
ಪ್ರಕಟಣೆಗಳ ಪಟ್ಟಿ ಬೇಕು, ನಾಳೆ ಹನ್ನೊಂದರೊಳಗ.'
ಪ್ರಿಂಟರಿಗೆ ಕೊಟ್ಟೆ. ಹದಿನಾಲ್ಕು ಹಾಳೆ
ಬೆಚ್ಚಗೆ ಬಂದವು, ಒಗ್ಗಾಣಿ ಪೊಟ್ಟಣದ ಹಾಗೆ.

ಅರವತ್ತಮೂರು ಪ್ರಬಂಧ.
ಎಲ್ಲಕ್ಕೂ ಮೊದಲು ಡಿ. ಪಂಪಾವತಿ,
ಆಮೇಲೊಂದು ಕಾಮಾ, ಆಮೇಲೆ
ಮತ್ತಿತರರು.

ಅವರಲ್ಲಿ ನಾನೂ ಒಬ್ಬ ಇರಬಹುದು.
ಕೇಳಿಲ್ಲ. ಇಪ್ಪತ್ತಾರು ವರ್ಷ ಐಸು ಹೊತ್ತವನಿಗೆ
ಅಷ್ಟು ಅಂದಾಜು ಸಾಕು.

ಒಂಬತ್ತನೆಯದು: ಸಿರುಗುಪ್ಪದ ಹಂದಿಗಳ ರಕ್ತದಲ್ಲಿ
ಮೆದುಳುಜ್ವರದ ಗುರುತು. ಐದು ಪುಟ, ಎರಡು ಕೋಷ್ಟಕ.
ಕೋಷ್ಟಕದಲ್ಲಿ ಇಲ್ಲದ್ದು:
ಸುಂಕ್ಲಮ್ಮ ಹಂದಿಯ ಕಿವಿ ಹಿಡಿದು
'ಚುಚ್ಚಾಕಿ ನೀನು, ಒದಿಸಿಕೊಳ್ಳಾಕಿ ನಾನು' ಅಂದದ್ದು,
ಮೇಡಂ ಕೆಸರಲ್ಲೇ ಕೂತು ನಕ್ಕದ್ದು,
ಟೆಕ್ಕಲಕೋಟೆ ಬರುವಷ್ಟರಲ್ಲಿ ಪೆಟ್ಟಿಗೆಯ ಐಸು ನೀರಾಗಿ
ಐಸ್‌ಕ್ಯಾಂಡಿ ಫ್ಯಾಕ್ಟರಿಯ ಬಾಗಿಲು ನಾನು ಬಡಿದದ್ದು.
ಅಲ್ಲಿಯ ಹುಡುಗ ಕೇಳಿದ: 'ಯಾವ ಕಲರಿಂದು ಬೇಕು?'

ಇಪ್ಪತ್ತೆರಡನೆಯದಕ್ಕೆ ಇನ್ನೂರ ಹನ್ನೆರಡು ಉಲ್ಲೇಖ.
ಎಲ್ಲೆಲ್ಲಿ ಗದ್ದೆಗೆ ನೀರು ನಿಂತು ಕೊಕ್ಕರೆ ಇಳಿಯುತ್ತದೋ
ಅಲ್ಲೆಲ್ಲ ಯಾರೋ ಪುಟದ ಬುಡಕ್ಕೆ
ನಮ್ಮೂರ ಹೆಸರು ಬರೆದಿದ್ದಾರೆ, ಕಾಗುಣಿತ ತಪ್ಪಿಸಿ.
ಮೇಡಂ ಬೆಲೆ ಹತ್ತೊಂಬತ್ತು ಅಂತೆ:
ಹತ್ತೊಂಬತ್ತು ಪ್ರಬಂಧ, ಒಂದೊಂದನ್ನೂ
ಹತ್ತೊಂಬತ್ತು ಸಲವಾದರೂ ನೆನೆದವರಿದ್ದಾರೆ.
ಹೊಸದಾಗಿ ಬಂದ ಹುಡುಗಿ ಬಿಡಿಸಿ ಹೇಳಿದಳು.
ನನಗೆ ಅನ್ನಿಸಿದ್ದು, ಮಣ್ಣಿಗೆ ಹೋದ ಮನೆಯೆದುರು
ಚಪ್ಪಲಿ ಎಣಿಸಿದಂತೆ.

ಮೂವತ್ತೊಂದನೆಯದಕ್ಕೆ ಸೊನ್ನೆ.
ಆ ಸೊನ್ನೆ ನನ್ನ ಬಾಯಿಗೆ ಗೊತ್ತು. ನಲವತ್ತು ಸಂಜೆ
ಗಾಜಿನ ಕೊಳವೆ ಕಚ್ಚಿ
ಹಂದಿಗೂಡಿನ ಗೋಡೆಯಿಂದ ಸೊಳ್ಳೆ ಹೀರಿದ್ದೆ.
ಗಂಟೆಗೆ ಎಷ್ಟು, ಹೊಟ್ಟೆ ತುಂಬಿದವೆಷ್ಟು, ಖಾಲಿ ಎಷ್ಟು.
ಲೋಕದಲ್ಲಿ ಯಾರೂ ಓದಲಿಲ್ಲ.
ಮೇಡಂ ಅದನ್ನೇ ಕನ್ನಡದಲ್ಲಿ ಒಂದೂವರೆ ಪುಟ ಮಾಡಿ
ಪಂಚಾಯ್ತಿಗೆ ಕೊಟ್ಟು ಬಂದರು, ಏಳು ಸಲ.
ಗೂಡುಗಳು ಕಾಲುವೆಯಾಚೆ ಹೋದವು. ಸುಂಕ್ಲಮ್ಮ
ಮೂರು ತಿಂಗಳು ನಮ್ಮ ಕೂಡ ಮಾತು ಬಿಟ್ಟಳು.
ಆ ಕ್ಯಾಂಪಿನಿಂದ ಮಕ್ಕಳ ವಾರ್ಡಿಗೆ ಹಿಂದಿನ ವರ್ಷ ಒಂಬತ್ತು.
ಆ ವರ್ಷ ಒಬ್ಬನೇ.
ಒಬ್ಬನೇ ಅನ್ನುವುದು
ಗಾದಿಲಿಂಗನ ಅವ್ವನ ಮುಂದೆ ಆಡುವ ಮಾತಲ್ಲ.

ಕೊನೆಯ ಹಾಳೆಯಲ್ಲಿ, ಸಂಖ್ಯೆ ಇಲ್ಲದೆ, ಒಂದು ತಿದ್ದುಪಡಿ:
ಹಿಂದಿನ ಪ್ರಬಂಧದ ಹದಿನೇಳು, ಹದಿನೆಂಟನೆಯ ಮಾದರಿ
ಅದಲುಬದಲಾಗಿವೆ. ತೀರ್ಮಾನ ನಿಲ್ಲುವುದಿಲ್ಲ.
ಹೊಣೆ ಲೇಖಕಿಯದು.

ಅವತ್ತು ಕರೆಂಟು ಹೋಗಿತ್ತು. ಟಾರ್ಚು ಹಲ್ಲಲ್ಲಿ ಹಿಡಿದು
ನಳಿಕೆಗೆ ಚೀಟಿ ಹಚ್ಚಿದ ಕೈ ಇದೇ.
ಎರಡು ವರ್ಷ ಬೆವರಿ, ಒಂದು ಮಧ್ಯಾಹ್ನ ಹೋಗಿ ಹೇಳಿಬಿಟ್ಟೆ.
ಮೇಡಂ ಕನ್ನಡಕ ತೆಗೆದರು, ಒರೆಸಿದರು,
ಬಹಳ ಹೊತ್ತು ಒರೆಸಿದರು.
'ಊಟ ಆತೇನ್ರಿ ಹೊನ್ನೂರಪ್ಪ?' ಅಂದರು.
ಆ ಸಲ ಬಡ್ತಿ ತಪ್ಪಿತು. ಇದಕ್ಕೇ ಅಂತ ಯಾರೂ ಅನ್ನಲಿಲ್ಲ,
ಅಲ್ಲ ಅಂತಲೂ.

ಅರವತ್ತಮೂರರ ಬೆನ್ನಿಗೂ ಮತ್ತಿತರರು.
ಇದರ ಹಿಂದೆ ಮಾತ್ರ ಯಾರೂ ಇಲ್ಲ,
ಡಿ. ಪಂಪಾವತಿ, ಒಂದು ಚುಕ್ಕಿ.

ಮತ್ತೆ ಫೋನು: 'ತಿದ್ದುಪಡಿ ಗಿದ್ದುಪಡಿ ಬ್ಯಾಡ,
ಅದು ಲೆಕ್ಕಕ್ಕ ಬರಂಗಿಲ್ಲ, ಹದಿಮೂರು ಹಾಳೆ ಸಾಕು.'
ಹೂಂ ಅಂದೆ.
ಹದಿನಾಲ್ಕನ್ನೂ ಜೋಡಿಸಿ ಪಿನ್ನು ಒತ್ತಿದೆ.
ದಪ್ಪಕ್ಕೆ ಬಾಗಿತು. ಕಿತ್ತು,
ಇನ್ನೊಂದು ಹೊಡೆದೆ.