ಕೊನೆಯ ಹೆಸರು

ಮಂಡ್ಯದ ಕೋರ್ಟಿನೆದುರು, ಹೊಂಗೆಮರದ ಬುಡದಲ್ಲಿ
ಅಂದಾನಯ್ಯನ ಟೈಪು ಮಿಷನ್ನಿನಲ್ಲಿ
‘ಳ’ ಸ್ವಲ್ಪ ತಗ್ಗಿ ಬೀಳುತ್ತದೆ.
ಹೊಂಬಾಳೆ ಎಂದು ಹೊಡೆದರೆ
ನಿಂತವರ ನಡುವೆ ಒಬ್ಬಳು ಕೂತ ಹಾಗೆ.

ಮದುವೆ ರಿಜಿಸ್ಟರಾಗಿ ಹನ್ನೊಂದು ದಿನ.
ರಾಡೆಕ್ ಆಚೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ
ಗಾಣದ ಹಲ್ಲುಚಕ್ರವನ್ನೇ ನೋಡುತ್ತ ನಿಂತಿದ್ದಾನೆ.
ಸಕ್ಕರೆ ಕಾರ್ಖಾನೆಯ ಟರ್ಬೈನು ಬಿಚ್ಚಲು ಬಂದವನು,
ತಿರುಗುವುದೆಲ್ಲ ಅವನಿಗೆ ನೆಂಟರು.

ನಾನು ಕೆ. ಎಂ. ಹೊಂಬಾಳೆ.
ಕೆ ಎಂದರೆ ಕಲ್ಲುಕೊಪ್ಪಲು. ಎಂ ಎಂದರೆ ಅಪ್ಪ, ಮೊಗಣ್ಣ.
ಊರು ಮುಂದೆ, ಅಪ್ಪ ನಡುವೆ, ನಾನು ಕೊನೆಗೆ,
ಗದ್ದೆಬದುವಿನ ಮೇಲೆ ಬುತ್ತಿ ಹೊತ್ತು
ಒಬ್ಬರ ಹಿಂದೊಬ್ಬರು ನಡೆದ ಹಾಗೆ.
ಹಿಂದೆ ಬರುವವಳಿಗೂ ಒಂದು ಸುಖವಿತ್ತು:
ನಿಂತು ಏಡಿ ನೋಡಬಹುದಿತ್ತು.

ಅಜ್ಜಿ ಹೊಂಬಾಳಮ್ಮ. ಅವಳದೇ ನನಗಿಟ್ಟದ್ದು.
ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು
‘ಇಷ್ಟುದ್ದ ಯಾಕೆ’ ಎಂದು ಅಮ್ಮನನ್ನು ಕತ್ತರಿಸಿದರು.
ಅಜ್ಜಿ ಎಲೆಗೆ ಸುಣ್ಣ ಸವರುತ್ತ
‘ಬುಡು, ವಯಸ್ಸಾದ್ಮೇಲೆ ತಾನೇ ಬತ್ತದೆ’ ಅಂದಳು.

ಅವ್ವ ಪಹಣಿಯಲ್ಲಿ ‘ಕೋಂ ಮೊಗಣ್ಣ’.
ಕೋಂ ಅಂದ್ರೇನು ಸ್ವಾಮಿ, ಎಂದು ಒಮ್ಮೆ
ನಾಡಕಚೇರಿಯ ಕಿಟಕಿಯಲ್ಲಿ ಕೇಳಿದಳು.
ಒಳಗಿದ್ದವನು ನಕ್ಕ. ಅವಳೂ ನಕ್ಕಳು.
ಅಲ್ಲಿಗೆ ಆಯಿತು.

ಪಾಸ್‌ಪೋರ್ಟಿಗೆ ಇನಿಷಿಯಲ್ ಆಗುವುದಿಲ್ಲವಂತೆ.
ನೂರಡಿ ರಸ್ತೆಯ ಸೈಬರಿನ ಹುಡುಗ
‘ಲಾಸ್ಟ್ ನೇಮ್ ಏನಕ್ಕಾ?’ ಅಂದ.
ಕೊನೆಯದು ನಾನೇ, ಅಂದೆ.
ಹಾಗೇ ತುಂಬಿದ.
ಕೊಟ್ಟ ಹೆಸರು: ಕಲ್ಲುಕೊಪ್ಪಲು ಮೊಗಣ್ಣ.
ಮನೆತನದ ಹೆಸರು: ಹೊಂಬಾಳೆ.
ಒಬ್ಬಳೇ ಒಂದು ಮನೆತನವಾಗಿಬಿಟ್ಟೆ.
ಮೈಸೂರಿನ ಕೌಂಟರಿನಲ್ಲಿ ‘ಕಲ್ಲುಕೊಪ್ಪಲು ಮೊಗಣ್ಣ’ ಎಂದು ಕೂಗಿದಾಗ
ಎದ್ದು ನಿಂತೆ. ನನ್ನ ಜೊತೆ
ಕೆರೆಯೇರಿ, ಆಲೆಮನೆಯ ಹೊಗೆ,
ಅರ್ಧ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಅಪ್ಪ,
ಎಲ್ಲರೂ ಎದ್ದರು. ಫೋಟೋ ಮಾತ್ರ ನನ್ನೊಬ್ಬಳದೇ ತೆಗೆದರು.

ಈಗ ಬರ್ನೋ ಎಂಬ ಊರಿನ ಕಾಗದಪತ್ರ.
ಗಂಡಹೆಂಡಿರಿಗೆ ಒಂದೇ ಮನೆತನವಾದರೆ ಸಲೀಸಂತೆ.
ಅವನದು ಕ್ಲಿಮೆಶ್. ಹೆಂಗಸರಿಗೆ ಕ್ಲಿಮೆಶೋವಾ.
ಈ ಓವಾ ಏನು ಅಂದೆ.
‘ನಿಮ್ಮ ಅಮ್ಮ ಇದ್ದ ಹಾಗೆ’ ಅಂದ. ಅರ್ಧ ಸರಿ.

ಅಂದಾನಯ್ಯ ಹೊಡೆದ: ಸದರಿಯವರ ಮನೆತನದ ಹೆಸರು
ಹೊಂಬಾಳೆ ಎಂಬುದಕ್ಕೆ ಬದಲಾಗಿ ಇನ್ನು ಮುಂದೆ...
ಹೊಡೆದು, ಕನ್ನಡಕ ಹಣೆಗೇರಿಸಿ, ಗಟ್ಟಿಯಾಗಿ ಓದಿದ.
ಕಲ್ಲುಕೊಪ್ಪಲು ಮೊಗಣ್ಣ ಕ್ಲಿಮೆಶೋವಾ.
ಬೆರಳು ಮಡಿಸಿ ಎಣಿಸಿದ.
‘ಇದು ಊರು. ಇವ್ರು ನಿಮ್ಮಪ್ಪ. ಇದು ನಿನ್ ಗಂಡ.
ನೀನೆಲ್ಲೋದವ್ವಾ?’

ನಾನು ಬೆಂಚಿನ ಮೇಲೇ ಇದ್ದೆ,
ಮಡಿಲಲ್ಲಿ ಜೆರಾಕ್ಸು, ಕಾಲ ಬಳಿ ಒಂದು ನಾಯಿ.
ನನ್ನನ್ನು ಕೂರಿಸಲು ಯಾರನ್ನಾದರೂ ಇಳಿಸಬೇಕು,
ಮಳವಳ್ಳಿ ಬಸ್ಸಿನ ಹಾಗೆ.
ಅಪ್ಪನಿಗೆ ಫೋನು ಮಾಡಿದೆ.
ಹಿಂದೆ ನೀರೆತ್ತುವ ಮೋಟರಿನ ಸದ್ದು.
‘ನನ್ ಹೆಸ್ರು ತಗಂಡು ಆ ಚಳೀಲಿ ಏನ್ಮಾಡೀಯೆ?
ಇಲ್ಲಿ ಸೊಸೈಟೀಲಿ ಅದುಕ್ ಕೆಲ್ಸ ಅದೆ. ಬುಟ್ಟೋಗು.
ಊರ್ನ ತಗಂಡೋಗು.’
ಆಮೇಲೆ ಮೋಟರಿನ ಸದ್ದೊಂದೇ, ಬಹಳ ಹೊತ್ತು.

ಅಂದಾನಯ್ಯ ಹಾಳೆ ಕಿತ್ತು ಇನ್ನೊಂದು ಹಾಕಿದ.
ಹೊಂಬಾಳೆ ಕಲ್ಲುಕೊಪ್ಪಲು ಕ್ಲಿಮೆಶೋವಾ.
ಬದುವಿನ ಮೇಲೆ ಮೊದಲ ಸಲ ನಾನು ಮುಂದೆ.
ಹಾವಿದ್ದರೆ ಇನ್ನು ನಾನೇ ಮೊದಲು ಕಾಣಬೇಕು.

ಎರಡು ಲೋಟ ಹಿಡಿದು ರಾಡೆಕ್ ಬಂದ.
ಓದಲು ಬಾರದ ಹಾಳೆಯನ್ನು ಬಹಳ ಹೊತ್ತು ನೋಡಿ
ತಗ್ಗಿ ಕೂತ ಅಕ್ಷರದ ಮೇಲೆ ಬೆರಳಿಟ್ಟ.
ಸರಿಮಾಡಲೇ? ಎರಡು ನಿಮಿಷದ ಕೆಲಸ.
ಅವನ ಕೈ ಆಗಲೇ ಜೇಬಿನ ಸ್ಕ್ರೂಡ್ರೈವರಿಗೆ ಹೋಗಿತ್ತು.

ಬೇಡ, ಅಂದೆ.