ಮಾತ್ರ

ಇಪ್ಪತ್ಮೂರು ಚೆಕ್ಕು ಬರೆದದ್ದು ನಾನೇ.
ಹೆಸರು, ತಾರೀಕು, ಅಂಕಿ, ಅಕ್ಷರ,
ಕೊನೆಗೊಂದು ‘ಮಾತ್ರ’, ಅದರ ಮುಂದೆ ಅಡ್ಡಗೆರೆ,
ಯಾರೂ ಒಂದು ಸೊನ್ನೆಯನ್ನೂ ತುರುಕದ ಹಾಗೆ.
ಮಿರ್ಚಿ ತಿಂದ ಬೆರಳು ಪ್ಯಾಂಟಿಗೆ ಒರೆಸಿಕೊಂಡು
ಸಾಹುಕಾರ ಸಹಿ ಹಾಕಿದ.
ಆ ಪ್ಯಾಂಟೂ ನಮ್ಮಲ್ಲೇ ಹೊಲಿದದ್ದು.

ಖಾಜಾಬನ್ನಿಗೆ ಹನ್ನೊಂದು ಸಾವಿರದ ನಾನೂರು ಮಾತ್ರ.
ಅವಳು ಕಾಜಾ ಮಿಷನ್ನಿನವಳು;
ಹೆಸರಿಗೆ ತಕ್ಕ ಕೆಲಸ ಎಂಬ ಹಳೇ ಜೋಕಿಗೆ
ಹನ್ನೆರಡು ವರ್ಷದಿಂದ ನಗುತ್ತಿರುವವಳು.
ಎರ್ರಿಸ್ವಾಮಿಗೆ ಒಂಬತ್ತು ಸಾವಿರ ಮಾತ್ರ.
ವಾಷಿಂಗ್‌ನಲ್ಲಿ ನಿಂತು ನಿಂತು ಉಗುರೆಲ್ಲ ನೀಲಿ,
ಓಟಿನ ಶಾಯಿ ಹಚ್ಚಲು ಜಾಗ ಹುಡುಕಬೇಕು.
ಗಾದಿಲಿಂಗಪ್ಪ, ಬೆಲ್ಟ್ ಲೂಪು: ಏಳು ಸಾವಿರದ ಇನ್ನೂರು ಮಾತ್ರ.
ನನ್ನದನ್ನು ಕೊನೆಗೆ ಬರೆದೆ.
ಅಕ್ಷರ ಸ್ವಲ್ಪ ದುಂಡಗೇ ಬಂತು.

ಸೋಮವಾರ ಹಾಕಿದೆವು. ಗುರುವಾರ ತಿರುಗಿ ಬಂದವು,
ಕೌಲ್ ಬಜಾರಿನ ಹುಡುಗರು ಗೋಡೆಗೆಸೆದ ರಬ್ಬರ್ ಚೆಂಡಿನ ಹಾಗೆ,
ಒಂದೊಂದಕ್ಕೂ ಒಂದೊಂದು ಚೀಟಿ: ಖಾತೆಯಲ್ಲಿ ಹಣ ಸಾಲದು.
ಸಾಲದ್ದಕ್ಕೆ ನಮ್ಮ ಖಾತೆಯಿಂದಲೇ ದಂಡ ಮುರಿದುಕೊಂಡಿದ್ದರು.
“ಅವನ ಹತ್ರ ರೊಕ್ಕ ಇಲ್ಲಾಂದ್ರ ನನಗ್ಯಾಕ್ರೀ ದಂಡ?”
ಖಾಜಾಬನ್ನಿ ಕೌಂಟರಿನ ಹುಡುಗಿಯನ್ನು ಕೇಳಿದಳು.
ಹೊಸಬಳು ಪಾಪ. ಕಂಪ್ಯೂಟರನ್ನೇ ನೋಡುತ್ತ ಕೂತಳು.

ಸಂಜೆ ಸಾಹುಕಾರ ಬಂದ, ಬೆಲ್ಲದಂಥ ದನಿ:
“ಹಳೇ ಚೆಕ್ ವಾಪಸ್ ಕೊಡ್ರಿ, ಹೊಸಾವು ಬರಸ್ತೀನಿ.”
ನನ್ನ ಕಡೆ ನೋಡಿದ.
ಪೆನ್ನು ನನ್ನ ಕೈಯಲ್ಲೇ ಇತ್ತು.

ಒಗ್ಗರಣೆ ಅಂಗಡಿಯ ಬೆಂಚಿನ ಮೇಲೆ ತಾಯಪ್ಪ,
ಮೂವತ್ತೊಂದು ವರ್ಷ ಬ್ಯಾಂಕಿನ ಜವಾನ,
ಮ್ಯಾನೇಜರುಗಳಿಗೆ ಚಹಾ ಕೊಟ್ಟು ಕೊಟ್ಟು ತಾನು ಕಾಯಿದೆ ಕುಡಿದವ:
“ಕೊಡಬ್ಯಾಡವ್ವ. ಚೆಕ್ ಕೊಟ್ಟಿ ಅಂದ್ರ ಎತ್ತಿನ ಮೂಗುದಾರ ಕೊಟ್ಟಂಗ.
ಚೀಟಿ ಜೋಪಾನ. ಜೆರಾಕ್ಸ್ ತೆಗಸು.
ಮೂವತ್ತು ದಿನದಾಗ ನೋಟೀಸು, ರಿಜಿಸ್ಟರ್ಡ್.
ಅವನ ಕೈ ಮುಟ್ಟಿದ ಮ್ಯಾಲ ಹದಿನೈದು ದಿನ ಕಾಯಿ.
ಕೊಡಲಿಲ್ಲೋ, ಒಂದು ತಿಂಗಳೊಳಗ ಕೋರ್ಟು.
ವಾಯಿದೆ ದಾಟಿದ್ರ ಅದು ಮಿರ್ಚಿ ಕಟ್ಟೋ ಕಾಗದ.
ಲೇಬರ್ ಆಫೀಸಿಗೆ ಅರ್ಜಿ ಬ್ಯಾರೆ.
ಹಾಜರಿ ಪುಸ್ತಕ ಯಾರ ಹತ್ರ ಐತಿ?”

ಯಾರೂ ಮಾತಾಡಲಿಲ್ಲ.
ಹಾಜರಿ ಪುಸ್ತಕ ನನ್ನ ಮೇಜಿನ ಎರಡನೇ ಖಾನೆಯಲ್ಲಿತ್ತು.
ಅದರ ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಹದಿನಾಲ್ಕು ವರ್ಷ ಅವನ ಅನ್ನ ತಿಂದೆ, ಅಂದುಕೊಂಡೆ ಆ ರಾತ್ರಿ.
ಆಮೇಲೆ ಲೆಕ್ಕ ಹಾಕಿದೆ; ಲೆಕ್ಕ ನನ್ನ ಕಸುಬು.
ಅನ್ನ ನನ್ನದೇ. ಅವನು ತಡಮಾಡಿ ಬಡಿಸುತ್ತಿದ್ದ, ಅಷ್ಟೆ.
ಬೆಳಿಗ್ಗೆ ಪುಟಪುಟದ ಫೋಟೋ ತೆಗೆದೆ.
ಕೈ ನಡುಗಿ ಮಾರ್ಚ್ ತಿಂಗಳು ಎರಡು ಸಲ ಬಂತು.

ಗಾದಿಲಿಂಗಪ್ಪ ಅರ್ಧ ರೊಕ್ಕ ತಗೊಂಡು ಚೆಕ್ ಕೊಟ್ಟುಬಿಟ್ಟ.
ಮಗಳು ವಿಮ್ಸ್ ಆಸ್ಪತ್ರೆಯಲ್ಲಿದ್ದಳು, ಬೆಡ್ಡಿನ ಕೆಳಗೆ ಇವನು.
ಅವನ ಹಿಂದೆ ಇನ್ನೂ ನಾಲ್ವರು.
ಎರ್ರಿಸ್ವಾಮಿ ಬೈಯಲು ಬಾಯಿ ತೆರೆದ, ಬೀಡಿ ಇಟ್ಟುಕೊಂಡ.

ಉಳಿದ ಹದಿನೆಂಟು ನೋಟೀಸು ಬರೆದದ್ದೂ ನಾನೇ.
ವಕೀಲರ ಗುಮಾಸ್ತ ಹೇಳುತ್ತ ಹೋದ;
ಮೊತ್ತದ ಮುಂದೆ ‘ಮಾತ್ರ’ ಬರೆಯಲು ಹೋದ ಕೈ
ಅಲ್ಲೇ ನಿಂತಿತು.
“ಯಾಕಮ್ಮ?” ಅಂದ.
“ಇರಲಿ, ಮುಂದಕ್ಕೆ ಜಾಗ ಬೇಕು” ಅಂದೆ.

ನಿನ್ನೆ ಟಪಾಲಿನವ ಹದಿನೆಂಟು ಕಾರ್ಡು ತಂದ.
ಇವೂ ತಿರುಗಿ ಬಂದವು,
ಹಿಂದೆ ಅದೇ ಸಹಿ, ಒಂದರ ಮೇಲೆ ಎಣ್ಣೆಯ ಕಲೆ.
ತಿರುಗಿ ಬಂದದ್ದಕ್ಕೆ ಈ ಸಲ ಯಾರೂ ದಂಡ ಮುರಿಯಲಿಲ್ಲ.

ಖಾಜಾಬನ್ನಿ ಚಾಕ್‌ಪೀಸಿನಿಂದ ಮಿಷನ್ನಿನ ಮೈಮೇಲೆ
ಹದಿನೈದು ಗೆರೆ ಎಳೆದಿದ್ದಾಳೆ.
ದಿನಕ್ಕೊಂದು ಒರೆಸುತ್ತಾಳಂತೆ, ಉಗುಳು ಹಚ್ಚಿ.
ಒಂದು ಒರೆಸಿ ಆಯಿತು.
ಶೆಡ್ಡಿನ ತಗಡು ಕಾಯುತ್ತಿದೆ.
ನಾವೂ.